ಬೇರೆ ದೇಶಗಳ ಸೈನಿಕರಿಗೆ ದಳಪತಿಯಾದ ಕೊಡಗಿನ ಜನರಲ್ ತಿಮ್ಮಯ್ಯ

ತಾಲ್ಲೂಕು ಕಚೇರಿ, ಶಾಲೆ, ಆಸ್ಪತ್ರೆ ಎಲ್ಲಿಗೆ ಹೋದರೂ ‘ಅವರು ಡೆಪ್ಯುಟೇಷನ್ ಮೇಲೆ ಬಂದಿದ್ದಾರೆ’ ಅನ್ನೋ ಮಾತು ಕಿವಿಗೆ ಬೀಳುತ್ತೆ. ಹುದ್ದೆ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಸೇನೆಯಲ್ಲೂ ಈ ಎರವಲು ಸೇವೆ ಇದೆ. ವ್ಯತ್ಯಾಸ ಏನಂದ್ರೆ, ಅಲ್ಲಿ ಅಧಿಕಾರಿ ಹೋಗೋದು ಪಕ್ಕದ ತಾಲ್ಲೂಕಿಗಲ್ಲ, ಇನ್ನೊಂದು ದೇಶದ ನೆಲಕ್ಕೆ. ಅವನ ಕೈಕೆಳಗೆ ಬರೋ ಸೈನಿಕರ ಭಾಷೆ, ಊಟ, ಬಾವುಟ ಎಲ್ಲಾ ಬೇರೆ. ಅಲ್ಲಿ ಅವನಿಗೆ ಶತ್ರು ಅಂತ ಯಾರೂ ಇರಲ್ಲ. ಜಗಳವಾಡೋ ಇಬ್ಬರ ನಡುವೆ ನಿಂತು ಇಬ್ಬರನ್ನೂ ಸುಮ್ಮನಿರಿಸೋದೇ ಕೆಲಸ.

ಕರ್ನಾಟಕದಲ್ಲಿ ಹುಟ್ಟಿ ಇಂಥ ಕೆಲಸವನ್ನು ಒಂದಲ್ಲ, ಎರಡು ಸಲ ಹೊತ್ತು, ಎರಡನೇ ಸಲ ಆ ಕೆಲಸದ ಮೇಲಿರುವಾಗಲೇ ಪ್ರಾಣ ಬಿಟ್ಟವರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1965ರ ಡಿಸೆಂಬರ್ 18ರಂದು ಸೈಪ್ರಸ್ ದ್ವೀಪದಲ್ಲಿ ಅವರು ತೀರಿಕೊಂಡಾಗ ಅವರ ಅಧೀನದಲ್ಲಿ ಆರೇಳು ದೇಶಗಳ ಸೈನಿಕರಿದ್ದರು. ಅದರಲ್ಲಿ ಭಾರತದ ಒಂದು ತುಕಡಿಯೂ ಇರಲಿಲ್ಲ.

ಕಾರಿಯಪ್ಪ ಬೇರೆ, ತಿಮ್ಮಯ್ಯ ಬೇರೆ

ಕೊಡಗಿನ ಜನರಲ್ ಅಂದ ಕೂಡಲೇ ಬಹಳ ಜನ ಕಾರಿಯಪ್ಪ ಅವರನ್ನೇ ನೆನೆಯುತ್ತಾರೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಕಾರಿಯಪ್ಪ. ತಿಮ್ಮಯ್ಯ ಅವರಿಗಿಂತ ಕಿರಿಯರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಇಬ್ಬರೂ ಕೊಡಗಿನವರು, ಇಬ್ಬರೂ ಸೇನೆಯ ತುದಿಗೆ ಏರಿದವರು. ಹೀಗಾಗಿ ಹೆಸರು ಅದಲುಬದಲಾಗೋದು ಸಹಜ.

ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಕಾಫಿ ತೋಟ ಇದ್ದ ಅನುಕೂಲಸ್ಥ ಮನೆತನ. ಓದಿದ್ದು ಕೂನೂರು, ಬೆಂಗಳೂರು, ಆಮೇಲೆ ಡೆಹ್ರಾಡೂನ್‌ನ ಸೈನಿಕ ಕಾಲೇಜು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ಆ ಕಾಲದಲ್ಲಿ ಸ್ಯಾಂಡ್‌ಹರ್ಸ್ಟ್‌ಗೆ ಆಯ್ಕೆಯಾಗುತ್ತಿದ್ದ ಭಾರತೀಯ ಹುಡುಗರು ವರ್ಷಕ್ಕೆ ಬೆರಳೆಣಿಕೆಯಷ್ಟು. 1926ರಲ್ಲಿ ಅಧಿಕಾರಿಯಾಗಿ ಹೊರಬಂದ ತಿಮ್ಮಯ್ಯ, ಮೊದಲು ಬೆಂಗಳೂರಿನಲ್ಲಿದ್ದ ಸ್ಕಾಟ್ಲೆಂಡಿನ ಪಲ್ಟನ್ ಒಂದರಲ್ಲಿ ಕೆಲಸ ಕಲಿತರು. ಆಮೇಲೆ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್‌ಗೆ ಸೇರಿದರು. ಅದೇ ರೆಜಿಮೆಂಟ್ ಈಗಿನ ಕುಮಾವೂಂ ರೆಜಿಮೆಂಟ್. ಆಗ ಬೆಟಾಲಿಯನ್ ಇದ್ದದ್ದು ಬಾಗ್ದಾದ್‌ನಲ್ಲಿ.

ಯಾರ ಸೈನಿಕ?

ಹೊರಗೆ ನೋಡೋಕೆ ಎಲ್ಲಾ ಚೆನ್ನಾಗಿತ್ತು. ಒಳಗೆ ಒಂದು ಮುಳ್ಳು ಚುಚ್ಚುತ್ತಿತ್ತು. ಬ್ರಿಟಿಷ್ ರಾಜನ ಹೆಸರಲ್ಲಿ ಅಧಿಕಾರಪತ್ರ ಇದ್ದರೂ ಬಿಳಿಯರ ಹಲವು ಕ್ಲಬ್‌ಗಳ ಬಾಗಿಲು ಭಾರತೀಯ ಅಧಿಕಾರಿಗೆ ಮುಚ್ಚಿತ್ತು. ಹೊರಗೆ ಬಂದರೆ ಸ್ವಾತಂತ್ರ್ಯ ಚಳವಳಿಯ ಜನ ಇವರನ್ನು ಪರರ ಸಮವಸ್ತ್ರ ತೊಟ್ಟವರು ಅಂತ ನೋಡುತ್ತಿದ್ದರು. ಆ ಕಡೆಯೂ ಪೂರ್ತಿ ಸಲ್ಲಲಿಲ್ಲ, ಈ ಕಡೆಯೂ ಸಲ್ಲಲಿಲ್ಲ.

ಅಲಹಾಬಾದ್‌ನಲ್ಲಿದ್ದಾಗ ತಿಮ್ಮಯ್ಯ ಅವರಿಗೆ ಮೋತಿಲಾಲ್ ನೆಹರೂ ಅವರ ಪರಿಚಯವಾಯಿತು. ಸೇನೆ ಬಿಟ್ಟು ಬಂದುಬಿಡೋಣವೇ ಅಂತ ತಿಮ್ಮಯ್ಯ ಮತ್ತು ಅವರ ಜೊತೆಯ ಭಾರತೀಯ ಅಧಿಕಾರಿಗಳು ಅವರನ್ನೇ ಕೇಳಿದರು. ಬಿಡಬೇಡಿ, ಕೆಲಸ ಪೂರ್ತಿ ಕಲಿಯಿರಿ, ನಾಳೆ ದೇಶ ಸ್ವತಂತ್ರವಾದಾಗ ಅದಕ್ಕೆ ತನ್ನದೇ ಅಧಿಕಾರಿಗಳು ಬೇಕಾಗುತ್ತಾರೆ ಅನ್ನೋ ಅರ್ಥದ ಬುದ್ಧಿಮಾತು ಅವರಿಗೆ ಸಿಕ್ಕಿತು. ತಿಮ್ಮಯ್ಯ ಉಳಿದರು.

ಈ ಇಕ್ಕಟ್ಟು ಅವರ ಮನೆಯೊಳಗೂ ಬಂತು. ಎರಡನೇ ಮಹಾಯುದ್ಧದಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಅಣ್ಣ ಪೊನ್ನಪ್ಪ ಸೆರೆಸಿಕ್ಕು, ನಂತರ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ಬರ್ಮಾದ ಅರಾಕಾನ್ ಕಾಡಿನಲ್ಲಿ ಅದೇ ಜಪಾನೀಯರ ವಿರುದ್ಧ ಹೋರಾಡುತ್ತಿದ್ದರು. ಒಂದೇ ಮನೆಯ ಇಬ್ಬರು ಎದುರುಬದುರು ನಿಂತಾಗ ಯಾರು ಸರಿ, ಯಾರು ತಪ್ಪು ಅಂತ ಸುಲಭವಾಗಿ ಹೇಳೋಕಾಗಲ್ಲ. ಇದನ್ನು ಹತ್ತಿರದಿಂದ ಕಂಡವರು ಮುಂದೆ ಬೇರೆಯವರ ಜಗಳದ ನಡುವೆ ನಿಲ್ಲಬೇಕಾಗಿ ಬಂತು.

1945ರ ಜನವರಿಯಲ್ಲಿ ಬರ್ಮಾದ ಕಾಂಗಾವ್‌ನಲ್ಲಿ ಘೋರ ಕಾಳಗ ನಡೆಯಿತು. 51ನೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೆ ಮೂವರು ಭಾರತೀಯರೇ ನಾಯಕರು: ಎಲ್.ಪಿ. ಸೇನ್, ಎಸ್.ಪಿ.ಪಿ. ಥೋರಾಟ್ ಮತ್ತು ತಿಮ್ಮಯ್ಯ. ಮೂವರಿಗೂ ಡಿಎಸ್ಒ ಪದಕ ಬಂತು. ಭಾರತೀಯರಿಗೆ ಸೈನ್ಯ ನಡೆಸೋಕೆ ಬರಲ್ಲ ಅನ್ನುತ್ತಿದ್ದವರ ಬಾಯಿಗೆ ಅಲ್ಲೇ ಬೀಗ ಬಿತ್ತು. ಆಮೇಲೆ 36ನೇ ಬ್ರಿಗೇಡಿನ ಹೊಣೆ ತಿಮ್ಮಯ್ಯ ಅವರಿಗೆ ಬಂತು. ಆ ಯುದ್ಧದಲ್ಲಿ ರಣರಂಗದಲ್ಲೇ ಬ್ರಿಗೇಡ್ ನಡೆಸಿದ ಭಾರತೀಯ ಅವರೊಬ್ಬರೇ. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನೀಯರು ಶರಣಾದ ಸಮಾರಂಭದಲ್ಲಿ ಭಾರತೀಯ ಸೇನೆಯ ಪ್ರತಿನಿಧಿಯಾಗಿ ನಿಂತವರೂ ಅವರೇ.

ಯುದ್ಧ ಮುಗಿದ ಮೇಲೆ ಅವರನ್ನು ಜಪಾನಿಗೇ ಕಳಿಸಲಾಯಿತು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಭಾರತದ ಸೈನಿಕರು ಸೇರಿದ್ದ ಕಾಮನ್‌ವೆಲ್ತ್ ಪಡೆಯಲ್ಲಿ 268ನೇ ಭಾರತೀಯ ಬ್ರಿಗೇಡಿಗೆ ಅವರು ನಾಯಕರು. ಸೋತ ದೇಶದಲ್ಲಿ, ಬಾಂಬಿಗೆ ಸುಟ್ಟುಹೋದ ಊರುಗಳ ಆಸುಪಾಸಿನಲ್ಲಿ, ಜನರನ್ನು ಹೆದರಿಸದೆ ಶಿಸ್ತು ಕಾಯೋದು ಕೆಲಸ. ಹಲವು ದೇಶಗಳ ಅಧಿಕಾರಿಗಳ ಜೊತೆ ಒಂದೇ ಮೇಜಿನಲ್ಲಿ ಕೂತು ಕೆಲಸ ತೆಗೆಯೋ ಅಭ್ಯಾಸ ಅವರಿಗೆ ಅಲ್ಲಿ ಚೆನ್ನಾಗಿ ಆಯಿತು.

ಜೋಜಿಲಾ ಆದಮೇಲೆ ಕೊರಿಯಾ

ಸ್ವಾತಂತ್ರ್ಯ ಬಂದ ಮೇಲೆ ಅವರ ಹೆಸರು ಮನೆಮಾತಾದದ್ದು ಕಾಶ್ಮೀರದಲ್ಲಿ. 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು. ಸುಮಾರು 11,500 ಅಡಿ ಎತ್ತರ, ಹಿಮ ಸುರಿಯೋ ಹೊತ್ತು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತೆ ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ದಂಡಿನ ಹಿಂದೆ ಉಳಿಯದೆ ಮುಂದಿನ ಟ್ಯಾಂಕಿನಲ್ಲೇ ತಿಮ್ಮಯ್ಯ ಇದ್ದರು. ಲಡಾಖ್‌ನ ದಾರಿ ತೆರೆಯಿತು.

ಐದು ವರ್ಷ ಕಳೆಯುವಷ್ಟರಲ್ಲಿ ಬಂದ ಕೆಲಸ ಮಾತ್ರ ಇದಕ್ಕೆ ತದ್ವಿರುದ್ಧ. ಇಲ್ಲಿ ಗುಂಡು ಹಾರಿಸಿದರೆ ಗೆಲುವಲ್ಲ, ಸೋಲು.

ಕೊರಿಯಾದ ಯುದ್ಧ 1953ರ ಜುಲೈ 27ರಂದು ನಿಂತಿತು. ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ನಿಲ್ಲದೆ ಎಳೆದಾಡಿದ್ದು ಒಂದೇ ಪ್ರಶ್ನೆಯ ಮೇಲೆ. ಸೆರೆಸಿಕ್ಕ ಸೈನಿಕರಲ್ಲಿ ಸಾವಿರಾರು ಮಂದಿ ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಚೀನಾ ಮತ್ತು ಉತ್ತರ ಕೊರಿಯಾದ ಸುಮಾರು 22,600 ಜನ ಒಂದು ಕಡೆ. ಇನ್ನೊಂದು ಕಡೆ ದಕ್ಷಿಣ ಕೊರಿಯಾ, ಅಮೆರಿಕ, ಬ್ರಿಟನ್‌ನ 359 ಜನ. ಕೈದಿಗಳನ್ನು ಹೆದರಿಸಿ ಹಾಗೆ ಹೇಳಿಸಿದ್ದಾರೆ ಅಂತ ಒಂದು ಪಕ್ಷ, ಅವರಿಗೇ ಇಷ್ಟವಿಲ್ಲ ಅಂತ ಇನ್ನೊಂದು ಪಕ್ಷ.

ಇದನ್ನು ಬಿಡಿಸೋಕೆ ಐದು ದೇಶಗಳ ತಟಸ್ಥ ಆಯೋಗ ಮಾಡಿದರು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಬದಿಗೆ ವಾಲಿದವು. ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಇನ್ನೊಂದು ಬದಿಗೆ. ಐದನೆಯದು ಭಾರತ. ಆಯೋಗದ ಅಧ್ಯಕ್ಷರು ತಿಮ್ಮಯ್ಯ. ಎರಡಕ್ಕೆರಡು ಮತ ಬಿದ್ದಾಗ ತೂಕ ಇಳಿಸಬೇಕಾದವರು ಅವರೊಬ್ಬರೇ. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ಮುಖ್ಯಸ್ಥರಾಗಿ ಬಂದವರು ಬರ್ಮಾ ಕಾಳಗದ ಹಳೇ ಜೊತೆಗಾರ ಥೋರಾಟ್.

ಶುರುವಿನಲ್ಲೇ ಅಡ್ಡಿ. ಭಾರತೀಯ ಸೈನಿಕರು ತನ್ನ ನೆಲ ತುಳಿಯಬಾರದು ಅಂತ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಪಟ್ಟು ಹಿಡಿದರು. ಕೊನೆಗೆ ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲಿ ಎತ್ತಿಕೊಂಡು ಹೋಗಿ ಎರಡು ಕೊರಿಯಾಗಳ ನಡುವಿನ ಸೇನಾರಹಿತ ಪಟ್ಟಿಯಲ್ಲಿ ಇಳಿಸಬೇಕಾಯಿತು. ಸಾವಿರಾರು ಸೈನಿಕರು ಹೀಗೆ ತಂಡ ತಂಡವಾಗಿ ಇಳಿದರು. ಅವರು ಹಾಕಿದ ಶಿಬಿರಕ್ಕೆ ಹಿಂದ್ ನಗರ ಅಂತ ಹೆಸರಿಟ್ಟರು.

ಬಲ ಬಳಸಬೇಕೋ, ಬೇಡವೋ

ಒಪ್ಪಂದದ ಪ್ರಕಾರ ಪ್ರತಿ ಕೈದಿಯನ್ನೂ ಒಂದು ಡೇರೆಗೆ ಕರೆದು, ಅವನ ದೇಶದ ಪ್ರತಿನಿಧಿ ಮಾತಾಡಿ ಮನವೊಲಿಸಬಹುದು. ಅದಕ್ಕೆ 90 ದಿನ ಅವಕಾಶ. ನೋಡೋಕೆ ಸರಳ. ಆದರೆ ಬೇಲಿಯೊಳಗೆ ಕೈದಿಗಳ ಮುಖಂಡರದೇ ದರ್ಬಾರು. ವಾಪಸ್ ಹೋಗ್ತೀನಿ ಅಂದವನ ಜೀವಕ್ಕೆ ಅಪಾಯ. ಡೇರೆಗೆ ಬರೋದಿಲ್ಲ ಅಂತ ಇಡೀ ಶಿಬಿರವೇ ಹಟ ಹಿಡಿಯುತ್ತಿತ್ತು.

ಒಮ್ಮೆ ಭಾರತೀಯ ಅಧಿಕಾರಿಯೊಬ್ಬರನ್ನು ಕೈದಿಗಳು ಒಳಗೆ ಎಳೆದುಕೊಂಡರು. ಥೋರಾಟ್ ಪಡೆ ನುಗ್ಗಿಸಲಿಲ್ಲ, ತಾವೇ ಬೇಲಿಯೊಳಗೆ ಹೋಗಿ ಮಾತಾಡಿ ಆ ಅಧಿಕಾರಿಯನ್ನು ಬಿಡಿಸಿಕೊಂಡು ಬಂದರು. ಆದರೆ ಎಲ್ಲಾ ಸಲವೂ ಹೀಗೆ ಸುಸೂತ್ರವಾಗಲಿಲ್ಲ. ಅಕ್ಟೋಬರ್ ಆರಂಭದಲ್ಲಿ ಗಲಭೆ ಎದ್ದು ಭಾರತೀಯ ಕಾವಲುಗಾರರು ಗುಂಡು ಹಾರಿಸಬೇಕಾಯಿತು, ಕೈದಿಗಳು ಸತ್ತರು. ದಕ್ಷಿಣ ಕೊರಿಯಾದಿಂದ ಬೆದರಿಕೆಗಳು ಬಂದವು.

ತಿಮ್ಮಯ್ಯ ಮುಂದೆ ಆಗ ನಿಂತ ಪ್ರಶ್ನೆ ಇದು. ಬಂದೂಕು ತೋರಿಸಿ ಕೈದಿಗಳನ್ನು ಡೇರೆಗೆ ಎಳೆದು ತಂದರೆ ನಿಯಮ ಪಾಲಿಸಿದಂತಾಗುತ್ತೆ, ಆದರೆ ನೂರಾರು ಹೆಣ ಬೀಳಬಹುದು. ಎಳೆಯದೇ ಇದ್ದರೆ ನಿಯಮ ಮುರಿದರು ಅಂತ ಚೀನಾ, ಉತ್ತರ ಕೊರಿಯಾ ದೂರುತ್ತವೆ. ಪೋಲೆಂಡ್ ಮತ್ತು ಚೆಕ್ ಸದಸ್ಯರು ಬಲ ಬಳಸಿ ಅಂದರು, ಸ್ವಿಸ್ ಮತ್ತು ಸ್ವೀಡಿಷ್ ಸದಸ್ಯರು ಕೂಡದು ಅಂದರು. ತಿಮ್ಮಯ್ಯ ಬಲ ಬಳಸಲಿಲ್ಲ. ಅದರ ಬೆಲೆಯನ್ನೂ ತೆತ್ತರು: 90 ದಿನಗಳಲ್ಲಿ ಮನವೊಲಿಸುವ ಕೆಲಸ ನಡೆದದ್ದು ಬರೀ 10 ದಿನ.

ಗಡುವು ಮುಗಿಯಿತು. ಉಳಿದ ಕೈದಿಗಳ ಹಣೆಬರಹ ತೀರ್ಮಾನಿಸಬೇಕಿದ್ದ ರಾಜಕೀಯ ಸಮ್ಮೇಳನ ನಡೆಯಲೇ ಇಲ್ಲ. ಅವರನ್ನು ಬಿಡುಗಡೆ ಮಾಡುವ ಅಧಿಕಾರ ತಮಗಿಲ್ಲ, ಇಟ್ಟುಕೊಳ್ಳುವ ಅಧಿಕಾರವೂ ಮುಗಿಯುತ್ತಿದೆ ಅಂತ ತಿಮ್ಮಯ್ಯ ಲೆಕ್ಕ ಹಾಕಿದರು. 1954ರ ಜನವರಿ 20ರಿಂದ ಕೈದಿಗಳನ್ನು ಯಾರಿಂದ ಪಡೆದಿದ್ದರೋ ಅವರಿಗೇ ಒಪ್ಪಿಸತೊಡಗಿದರು. ಇದಕ್ಕೆ ಎರಡೂ ಕಡೆಯಿಂದ ಆಕ್ಷೇಪ ಬಂತು. 14,000ಕ್ಕೂ ಹೆಚ್ಚು ಚೀನೀ ಕೈದಿಗಳು ತೈವಾನ್‌ಗೆ ಹೋದರು. 23 ಅಮೆರಿಕನ್ನರ ಪೈಕಿ ಇಬ್ಬರು ಮನಸ್ಸು ಬದಲಿಸಿ ಮರಳಿದರು, 21 ಮಂದಿ ಅಲ್ಲೇ ಉಳಿದರು. ಎರಡೂ ಕಡೆ ಬೇಡ ಅಂದ ಎಂಬತ್ತಕ್ಕೂ ಹೆಚ್ಚು ಜನರನ್ನು ಭಾರತದ ಪಡೆ ತನ್ನ ಜೊತೆಗೇ ಹಡಗಿನಲ್ಲಿ ಕರೆತಂದಿತು.

ಊರಲ್ಲಿ ಪಂಚಾಯ್ತಿ ಮಾಡಿದವರಿಗೆ ಇದು ಗೊತ್ತಿರೋ ಸಂಗತಿ. ಬದುವಿನ ಜಗಳಕ್ಕೆ ಹೋದ ಹಿರಿಯನಿಗೆ ಎರಡು ಮನೆಯಿಂದಲೂ ಬೈಗುಳ ತಪ್ಪಿದ್ದಲ್ಲ. ಆದರೆ ಕೊಡಲಿ ಎತ್ತಲಿಲ್ಲವಲ್ಲ, ಅದೇ ಲಾಭ. ಕೊರಿಯಾದಲ್ಲಿ ನಿಂತ ಯುದ್ಧ ಕೈದಿಗಳ ವಿಷಯಕ್ಕೆ ಮತ್ತೆ ಶುರುವಾಗಲಿಲ್ಲ. 1954ರಲ್ಲಿ ತಿಮ್ಮಯ್ಯ ಅವರಿಗೆ ಪದ್ಮಭೂಷಣ ಬಂತು. ಆ ದಿನಗಳ ಬಗ್ಗೆ ಅವರು ಬರೆದಿಟ್ಟದ್ದು ಅವರು ತೀರಿಕೊಂಡು ಹದಿನೈದು ವರ್ಷಗಳ ಮೇಲೆ, 1981ರಲ್ಲಿ ಪುಸ್ತಕವಾಯಿತು.

ನಿವೃತ್ತಿ ಆದಮೇಲೂ ಬಂದ ಕರೆ

1957ರಲ್ಲಿ ಸೇನೆಯ ಮುಖ್ಯಸ್ಥರಾದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಾಣಿಕೆಯಾಗದೆ 1959ರಲ್ಲಿ ರಾಜೀನಾಮೆ ಕೊಟ್ಟದ್ದು, ಪ್ರಧಾನಿ ನೆಹರೂ ಮಾತಿಗೆ ಅದನ್ನು ವಾಪಸ್ ಪಡೆದದ್ದು ದೇಶವೆಲ್ಲಾ ಚರ್ಚೆಯಾಯಿತು. ವಾಪಸ್ ಪಡೆಯಬಾರದಿತ್ತು ಅನ್ನೋರು ಆಗಲೂ ಇದ್ದರು, ಈಗಲೂ ಇದ್ದಾರೆ. 1961ರ ಮೇ ತಿಂಗಳಲ್ಲಿ ನಿವೃತ್ತರಾಗಿ ಮಡಿಕೇರಿಯ ‘ಸನ್ನಿ ಸೈಡ್’ ಮನೆಗೆ ಬಂದರು. ಮರುವರ್ಷವೇ ಚೀನಾ ಯುದ್ಧ ಆಯಿತು, ಅದನ್ನು ಹೊರಗಿನಿಂದ ನೋಡಬೇಕಾಯಿತು.

ತೋಟ ನೋಡಿಕೊಂಡು ಇರಬಹುದಾಗಿದ್ದ ವಯಸ್ಸು. 1964ರಲ್ಲಿ ವಿಶ್ವಸಂಸ್ಥೆಯಿಂದ ಕರೆ ಬಂತು.

ಸೈಪ್ರಸ್ ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪ. ವಿಸ್ತೀರ್ಣದಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಜನರಲ್ಲಿ ಸುಮಾರು ಶೇ. 80 ಗ್ರೀಕರು, ಶೇ. 18 ತುರ್ಕರು. 1963ರ ಡಿಸೆಂಬರ್‌ನಲ್ಲಿ ಇಬ್ಬರ ನಡುವೆ ರಕ್ತಪಾತ ಶುರುವಾಯಿತು. 1964ರ ಮಾರ್ಚ್ 4ರಂದು ಭದ್ರತಾ ಮಂಡಳಿ ಶಾಂತಿಪಡೆ ಕಳಿಸಲು ನಿರ್ಣಯಿಸಿತು. ಮೊದಲ ದಳಪತಿ ಭಾರತದವರೇ ಆದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ. ಜುಲೈಯಲ್ಲಿ ಅವರ ಜಾಗಕ್ಕೆ ತಿಮ್ಮಯ್ಯ ಬಂದರು.

ಪಡೆಯಲ್ಲಿ 6,000ಕ್ಕೂ ಹೆಚ್ಚು ಜನ. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್‌ನ ಸೈನಿಕರು, ಆಸ್ಟ್ರಿಯಾದ ಆಸ್ಪತ್ರೆ, ಆಸ್ಟ್ರೇಲಿಯಾ ಮುಂತಾದ ಕಡೆಯ ಪೊಲೀಸರು. ಪಡೆಯ ಖರ್ಚಿಗೆ ದೇಶಗಳು ತಾವಾಗಿ ಕೊಡೋ ವಂತಿಗೆಯೇ ಆಧಾರ. ಆತ್ಮರಕ್ಷಣೆಗೆ ಬಿಟ್ಟು ಗುಂಡು ಹಾರಿಸುವಂತಿಲ್ಲ. ಒಂದು ಕಾಲಕ್ಕೆ ಯಾರ ಕ್ಲಬ್ಬಿಗೆ ತಮಗೆ ಪ್ರವೇಶ ಇರಲಿಲ್ಲವೋ, ಆ ದೇಶದ ಸೈನಿಕರಿಗೆ ಈಗ ತಿಮ್ಮಯ್ಯ ಆಜ್ಞೆ ಕೊಡುವವರು. ಆ ಮಾತನ್ನು ಎತ್ತಿ ಆಡದೆ ಅವರ ಜೊತೆಗೇ ಕೆಲಸ ಮಾಡಿದರು. ಸೇನೆಯ ಗೆಳೆಯರು ಮೊದಲಿಂದ ಕರೆಯುತ್ತಿದ್ದ ‘ಟಿಮ್ಮಿ’ ಅನ್ನೋ ಹೆಸರೇ ಅವರ ಜೊತೆ ಉಳಿಯಿತು.

ಸುಗ್ಗಿ ಕಾಯ್ದ ಸೈನಿಕರು

ಬಂದು ತಿಂಗಳೊಪ್ಪತ್ತಿನಲ್ಲೇ ಪರೀಕ್ಷೆ. 1964ರ ಆಗಸ್ಟ್‌ನಲ್ಲಿ ಕೊಕ್ಕಿನಾ ಎಂಬಲ್ಲಿ ಗ್ರೀಕ್ ಪಡೆ ತುರ್ಕರ ನೆಲೆ ಮೇಲೆ ದಾಳಿ ಮಾಡಿತು. ತುರ್ಕಿಯ ವಿಮಾನಗಳು ಬಂದು ಬಾಂಬ್ ಹಾಕಿದವು. ನಡುವೆ ಸಿಕ್ಕಿಕೊಂಡವರು ವಿಶ್ವಸಂಸ್ಥೆಯ ಸ್ವೀಡಿಷ್ ಸೈನಿಕರು. ತಡೆಯುವ ಶಕ್ತಿ ಆ ಪಡೆಗಿರಲಿಲ್ಲ. ಭದ್ರತಾ ಮಂಡಳಿಯ ಕರೆಯ ಮೇಲೆ ಕಾಳಗ ನಿಂತಿತು. ಅಲ್ಲಿಂದಾಚೆ ತಿಮ್ಮಯ್ಯ ಅವರ ಕೆಲಸ ಇನ್ನೊಂದು ಕೊಕ್ಕಿನಾ ಆಗದಂತೆ ನೋಡಿಕೊಳ್ಳೋದು.

ಅದು ಹೇಗೆ ನಡೆಯಿತು ಅನ್ನೋದು ಅಂಗಡಿ ಇಟ್ಟವರಿಗೆ, ಹೊಲ ಮಾಡೋರಿಗೆ ಬೇಗ ಅರ್ಥವಾಗುತ್ತೆ. ತುರ್ಕರ ಬೀದಿಗಳಿಗೆ ಸಿಮೆಂಟು, ಕಬ್ಬಿಣ, ಇಂಧನದಂಥ ಸಾಮಾನು ಹೋಗದಂತೆ ಸರ್ಕಾರ ತಡೆ ಹಾಕಿತ್ತು. ರೈತ ಒಂದು ಕಡೆ, ಅವನ ಹೊಲ ಗೆರೆಯ ಆಚೆ. ಚನ್ನಗಿರಿಯ ಅಡಿಕೆ ಬೆಳೆಗಾರನೊಬ್ಬ ತನ್ನದೇ ತೋಟಕ್ಕೆ ಕಾಲಿಡೋಕೆ ಹೆದರೋ ಸ್ಥಿತಿ ಅಂದುಕೊಂಡರೆ ಸಾಕು. ಶಾಂತಿಪಡೆಯ ಅಧಿಕಾರಿಗಳು ಒಂದೊಂದು ಸಾಮಾನಿಗೂ ಒಂದೊಂದು ಊರಿಗೂ ಚೌಕಾಸಿ ನಡೆಸಿದರು. ಉಳುಮೆ, ಕೊಯ್ಲಿನ ಕಾಲಕ್ಕೆ ಸೈನಿಕರು ಹೊಲದ ಬದುವಿನಲ್ಲಿ ಕಾವಲು ನಿಂತರು. ಗೋಧಿ ಮನೆಗೆ ಬಂತು.

ರಾಜಧಾನಿ ನಿಕೋಸಿಯಾದಿಂದ ಕೈರೀನಿಯಾ ಪಟ್ಟಣಕ್ಕೆ ಹೋಗುವ ದಾರಿ ತುರ್ಕರ ಹಿಡಿತದಲ್ಲಿತ್ತು. ಗ್ರೀಕರು ಅದರಲ್ಲಿ ಓಡಾಡುವಂತಿರಲಿಲ್ಲ. 1964ರ ಅಕ್ಟೋಬರ್‌ನಿಂದ ಆ ದಾರಿಯ ಉಸ್ತುವಾರಿ ಶಾಂತಿಪಡೆಗೆ ಬಂತು. ದಿನಕ್ಕೆ ಎರಡು ಸಲ ವಾಹನಗಳ ಸಾಲು, ಹಿಂದೆ ಮುಂದೆ ನೀಲಿ ಟೋಪಿಯವರು. ಹೊನ್ನಾಳಿಯಿಂದ ನ್ಯಾಮತಿಗೆ ಹೋಗೋಕೆ ಬೇರೆ ದೇಶದ ಸೈನಿಕರ ಕಾವಲಿನಲ್ಲಿ, ಅವರು ಹೇಳಿದ ಹೊತ್ತಿಗೇ ಹೊರಡಬೇಕು ಅಂದರೆ ಹೇಗಿರುತ್ತೆ? ಅಲ್ಲಿಯ ಜನಕ್ಕೆ ಅಷ್ಟಾದರೂ ಸಿಕ್ಕಿದ್ದು ದೊಡ್ಡದಾಗಿತ್ತು.

ಇಂಥ ಕೆಲಸಕ್ಕೆ ಯಾರೂ ವಿಜಯೋತ್ಸವ ಮಾಡಲ್ಲ. ಇವತ್ತು ಗುಂಡಿನ ಸದ್ದಾಗಲಿಲ್ಲ ಅನ್ನೋದಷ್ಟೇ ಆ ದಿನದ ಗಳಿಕೆ. ಒಂದು ಕಡೆ ಅಧ್ಯಕ್ಷ ಮಕಾರಿಯೋಸ್ ಮತ್ತು ಗ್ರೀಕ್ ಪಡೆಯ ಜನರಲ್ ಗ್ರೀವಾಸ್, ಇನ್ನೊಂದು ಕಡೆ ತುರ್ಕ ಮುಖಂಡರು. ತಿಮ್ಮಯ್ಯ ಎರಡೂ ಕಡೆ ಮಾತು ನಿಲ್ಲಿಸಲಿಲ್ಲ. ಮೂರು ತಿಂಗಳಿಗೆ ಅಂತ ಬಂದಿದ್ದ ಪಡೆಯ ಅವಧಿ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಅವರೂ ಉಳಿದರು.

1965ರ ಡಿಸೆಂಬರ್ 18ರಂದು ಹೃದಯಾಘಾತವಾಗಿ ತೀರಿಕೊಂಡರು. ಇನ್ನೂ 60 ತುಂಬಿರಲಿಲ್ಲ. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತರಲಾಯಿತು.

ಉಳಿದ ಗುರುತು

1966ರಲ್ಲಿ ಸೈಪ್ರಸ್ ಸರ್ಕಾರ ಅವರ ಚಿತ್ರವಿದ್ದ ಅಂಚೆಚೀಟಿ ಹೊರಡಿಸಿತು. ಅಲ್ಲಿನ ಲಾರ್ನಾಕಾ ಪಟ್ಟಣದಲ್ಲಿ ಅವರ ಹೆಸರಿನ ರಸ್ತೆ ಇದೆ. ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅಧಿಕೃತವಾಗಿ ಜನರಲ್ ತಿಮ್ಮಯ್ಯ ರಸ್ತೆ ಅಂತಲೇ ಹೆಸರು, ಓಡಾಡೋರು ಹಳೇ ಹೆಸರನ್ನೇ ಹೇಳೋದು ಬೇರೆ ಮಾತು. ಮಡಿಕೇರಿಯ ಸನ್ನಿ ಸೈಡ್ ಮನೆ ಈಗ ಮ್ಯೂಸಿಯಂ. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಜಗಳೂರು, ಹೊನ್ನಾಳಿ ಕಡೆಯ ಶಾಲೆಗಳಿಂದ ಕೊಡಗಿಗೆ ಪ್ರವಾಸ ಹೊರಟಾಗ ರಾಜಾಸೀಟು, ಅಬ್ಬಿ ಜಲಪಾತದ ಜೊತೆ ಈ ಮನೆಗೂ ಒಂದು ಗಂಟೆ ಇಟ್ಟುಕೊಂಡರೆ ಮಕ್ಕಳಿಗೆ ಉಪಯೋಗ.

ಸೈಪ್ರಸ್‌ನಲ್ಲಿ ಆ ಶಾಂತಿಪಡೆ ಇವತ್ತಿಗೂ ಇದೆ. ಜಗಳ ಪೂರ್ತಿ ಬಗೆಹರಿದಿಲ್ಲ. 1974ರಲ್ಲಿ ದ್ವೀಪ ಇಬ್ಭಾಗವೇ ಆಯಿತು. ಆ ಹೊತ್ತಿಗೆ ಪಡೆಯನ್ನು ನಡೆಸುತ್ತಿದ್ದವರೂ ಭಾರತದವರೇ, ದಿವಾನ್ ಪ್ರೇಮ್ ಚಂದ್. ಅಂದಿನಿಂದ ಇಂದಿನವರೆಗೆ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿ ಬೇರೆ ದೇಶಗಳಲ್ಲಿ ಕೆಲಸ ಮಾಡಿದ ಭಾರತೀಯರು 2 ಲಕ್ಷಕ್ಕೂ ಹೆಚ್ಚು. ಈ ನಾಲ್ಕು ತಾಲ್ಲೂಕುಗಳಿಂದ ಸೇನೆ ಸೇರುವ ಹುಡುಗರಿಗೂ ಅಂಥ ಡೆಪ್ಯುಟೇಷನ್ ಬರಬಹುದು. ಹೋದ ಕಡೆ ಗೆಲ್ಲಬೇಕಾದ ಕೋಟೆ ಯಾವುದೂ ಇರಲ್ಲ. ಆ ವರ್ಷ ರೈತ ತನ್ನ ಹೊಲದ ಪೈರು ಕೊಯ್ದು ಮನೆಗೆ ತಂದನಾ ಅನ್ನೋದೇ ಲೆಕ್ಕ.